ಐನ್‌ಸ್ಟೈನ್‌ಗೂ ಆಟಿಸಂ ಇತ್ತಂತೆ, ಹಾಗಾದರೆ ನಮ್ಮ ಮಗನಲ್ಲಿ ಯಾವ ಪ್ರತಿಭೆ ಇದೆ?

ಪ್ರಶ್ನೆ: ಡಾಕ್ಟರ್, ನಮಸ್ಕಾರ. ನಮ್ಮ ಮಗನಿಗೆ ನಾಲ್ಕೂವರೆ ವರ್ಷ. ಕಳೆದ ವರ್ಷ ಆಟಿಸಂ ಅಂತ ಹೇಳಿದರು. ಇನ್ನೂ ಮಾತು ಬಂದಿಲ್ಲ. ಏನಾದರೂ ಬೇಕಾದರೆ ನನ್ನ ಕೈ ಹಿಡಿದು ಅಲ್ಲಿಗೆ ಎಳೆದುಕೊಂಡು ಹೋಗುತ್ತಾನೆ. ಆಟಿಕೆಯ ಚಕ್ರ ತಿರುಗಿಸುತ್ತಾ ಕೂತರೆ ಹೊತ್ತು ಹೋದದ್ದೇ ಅವನಿಗೆ ತಿಳಿಯುವುದಿಲ್ಲ. ನೆಂಟರು ವಾಟ್ಸ್‌ಆ್ಯಪ್‌ನಲ್ಲಿ ಮೇಲಿಂದ ಮೇಲೆ ಒಂದು ಪಟ್ಟಿ ಕಳಿಸುತ್ತಾರೆ: ಐನ್‌ಸ್ಟೈನ್, ನ್ಯೂಟನ್, ಬಿಲ್ ಗೇಟ್ಸ್, ಇಲಾನ್ ಮಸ್ಕ್, ಮೆಸ್ಸಿ, ಎಲ್ಲರಿಗೂ ಆಟಿಸಂ ಇದೆಯಂತೆ. ‘ಇಂಥ ಮಕ್ಕಳಲ್ಲಿ ಒಂದು ದೊಡ್ಡ ಪ್ರತಿಭೆ ಇದ್ದೇ ಇರುತ್ತೆ, ಹುಡುಕಬೇಕಷ್ಟೆ’ ಅನ್ನುತ್ತಾರೆ. ಅದನ್ನು ನಂಬಿ ನಮ್ಮ ಯಜಮಾನರು ಕೀಬೋರ್ಡ್ ತಂದರು, ಚೆಸ್ ಬೋರ್ಡ್ ತಂದರು, ಗಣಿತದ ಆ್ಯಪ್ ಹಾಕಿಕೊಟ್ಟರು. ಮಗ ಚೆಸ್ ಕಾಯಿಗಳನ್ನು ಸಾಲಾಗಿ ಇಟ್ಟು ಎದ್ದುಹೋದ, ಅಷ್ಟೇ. ಅವನಲ್ಲಿ ಏನೂ ಇಲ್ಲವೇ ಎಂದು ರಾತ್ರಿ ಯೋಚನೆಯಾಗುತ್ತದೆ. ಇನ್ನು, ವಿದೇಶದ ನಟಿಯೊಬ್ಬರು ಗೋಧಿ, ಹಾಲು ಬಿಡಿಸಿ ಮಗನನ್ನು ಗುಣಪಡಿಸಿದರಂತೆ. ನಾವೂ ಬಿಡಿಸಬೇಕೆ? ನಾನು ಬಸುರಿಯಾಗಿದ್ದಾಗ ಕೆಲಸಕ್ಕೆ ಹೋದದ್ದೇ ಇದಕ್ಕೆಲ್ಲ ಕಾರಣ ಎಂದು ಅತ್ತೆಯವರು ಹೇಳುತ್ತಾರೆ. ಹೆಸರಾಂತ ಕುಟುಂಬಗಳು ಇಂಥ ಮಕ್ಕಳಿಗಾಗಿ ನಿಜಕ್ಕೂ ಏನು ಮಾಡಿದವು? ಎರಡನೇ ಮಗುವಿನ ಬಗ್ಗೆ ಯೋಚಿಸಲೂ ಭಯವಾಗುತ್ತಿದೆ.

ಉತ್ತರ: ನಮಸ್ಕಾರ. ನೀವು ಹಲವು ಪ್ರಶ್ನೆ ಕೇಳಿದ್ದೀರಿ, ಆದರೆ ಅವೆಲ್ಲದರ ಹಿಂದೆ ಒಂದೇ ಆತಂಕ ಇರುವಂತಿದೆ. ಮಾತು ಬಾರದ ಮಗನನ್ನು ಜಗತ್ತು ಒಪ್ಪಬೇಕಾದರೆ ಅವನ ಕೈಯಲ್ಲಿ ಏನಾದರೂ ಅಸಾಧಾರಣವಾದದ್ದು ಇರಲೇಬೇಕು, ಅದೂ ಇಲ್ಲದಿದ್ದರೆ ಏನು ಗತಿ ಎಂಬ ಆತಂಕ. ಪಟ್ಟಿ ಕಳಿಸಿದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ನಾಲ್ಕೂವರೆ ವರ್ಷದ ಹುಡುಗನ ತಲೆಯ ಮೇಲೆ ಐನ್‌ಸ್ಟೈನ್‌ನನ್ನು ಕೂರಿಸಿದರೆ ಆ ಭಾರ ಹೊರುವವರು ನೀವು ಮತ್ತು ಅವನು. ಕ್ಲಿನಿಕ್‌ಗೆ ಬರುವ ಎಷ್ಟೋ ತಂದೆ ತಾಯಂದಿರು ಮಗು ಏನು ತಿನ್ನುತ್ತದೆ, ಹೇಗೆ ಮಲಗುತ್ತದೆ ಎಂದು ಹೇಳುವ ಮೊದಲೇ ‘ಇವನ ಟ್ಯಾಲೆಂಟ್ ಯಾವುದಿರಬಹುದು’ ಎಂದು ಕೇಳುತ್ತಾರೆ.

ಮೊದಲು ಆ ಪಟ್ಟಿಯನ್ನೇ ನೋಡೋಣ. ಐನ್‌ಸ್ಟೈನ್, ನ್ಯೂಟನ್ ಬದುಕಿದ್ದಾಗ ಯಾವ ವೈದ್ಯರೂ ಅವರನ್ನು ಈ ದೃಷ್ಟಿಯಿಂದ ಪರೀಕ್ಷಿಸಿಲ್ಲ. ನ್ಯೂಟನ್ ಕಾಲದಲ್ಲಂತೂ ಆಟಿಸಂ ಎಂಬ ಪರಿಕಲ್ಪನೆಯೇ ಇರಲಿಲ್ಲ. 2003ರಲ್ಲಿ ಕೇಂಬ್ರಿಡ್ಜ್‌ನ ಮನಶ್ಶಾಸ್ತ್ರಜ್ಞ ಸೈಮನ್ ಬ್ಯಾರನ್ ಕೊಹೆನ್ ಮತ್ತು ಗಣಿತಜ್ಞ ಅಯಾನ್ ಜೇಮ್ಸ್, ಐನ್‌ಸ್ಟೈನ್ ಮತ್ತು ನ್ಯೂಟನ್ನರ ಜೀವನಚರಿತ್ರೆಗಳನ್ನು ಓದಿ ‘ಲಕ್ಷಣಗಳಿದ್ದಿರಬಹುದು’ ಎಂದು ಊಹಿಸಿದರು. ಆ ಊಹೆಯೇ ಹರಿದಾಡುತ್ತಾ ಸತ್ಯದ ವೇಷ ಹಾಕಿಕೊಂಡಿತು. ಐನ್‌ಸ್ಟೈನ್‌ಗೆ ಹಾಸ್ಯಪ್ರಜ್ಞೆ ಚೆನ್ನಾಗಿತ್ತು, ಆಪ್ತ ಗೆಳೆಯರಿದ್ದರು ಎಂದು ಒಪ್ಪದ ತಜ್ಞರೂ ಇದ್ದಾರೆ. ಮೆಸ್ಸಿಯ ವಿಷಯ ಬರೀ ಗಾಳಿಮಾತು. ಅವರಿಗೆ ಬಾಲ್ಯದಲ್ಲಿದ್ದದ್ದು ಬೆಳವಣಿಗೆಯ ಹಾರ್ಮೋನಿನ ಕೊರತೆ. ಬಿಲ್ ಗೇಟ್ಸ್ 2025ರಲ್ಲಿ ತಮ್ಮ ನೆನಪುಗಳನ್ನು ಬರೆದಾಗ, ಇಂದಿನ ಕಾಲದಲ್ಲಿ ಬೆಳೆದಿದ್ದರೆ ತಮ್ಮನ್ನೂ ಬಹುಶಃ ಸ್ಪೆಕ್ಟ್ರಂನಲ್ಲಿ, ಅಂದರೆ ಆಟಿಸಂನ ಹಲವು ತೀವ್ರತೆಗಳ ವ್ಯಾಪ್ತಿಯಲ್ಲಿ, ಗುರುತಿಸುತ್ತಿದ್ದರು ಎಂದರು. ಅದು ಸ್ವಂತ ಅನಿಸಿಕೆ. ಅಮೆರಿಕದ ಹಾಸ್ಯನಟ ಜೆರ್ರಿ ಸೈನ್‌ಫೆಲ್ಡ್ 2014ರಲ್ಲಿ ‘ನಾನೂ ಸ್ಪೆಕ್ಟ್ರಂನಲ್ಲಿರಬಹುದು’ ಎಂದು ಹೇಳಿ ಸ್ವಲ್ಪ ದಿನಗಳಲ್ಲೇ ಮಾತು ಹಿಂದಕ್ಕೆ ತೆಗೆದುಕೊಂಡರು. ಪಟ್ಟಿಗಳಲ್ಲಿ ಅವರ ಹೆಸರು ಮಾತ್ರ ಉಳಿದುಕೊಂಡಿದೆ. ಮಸ್ಕ್ 2021ರಲ್ಲಿ ಟಿವಿ ಹಾಸ್ಯ ಕಾರ್ಯಕ್ರಮವೊಂದರ ವೇದಿಕೆಯಲ್ಲಿ ತಮಗೆ ಆಸ್ಪರ್ಗರ್ಸ್ (ಆಟಿಸಂನ ಒಂದು ಬಗೆ) ಇದೆ ಎಂದು ತಾವೇ ಹೇಳಿಕೊಂಡರು.

ಪರೀಕ್ಷೆಯಾಗಿ, ಅದನ್ನು ಬಹಿರಂಗವಾಗಿ ಹೇಳಿಕೊಂಡವರೂ ಇದ್ದಾರೆ. ಬ್ರಿಟನ್ನಿನ ವನ್ಯಜೀವಿ ಕಾರ್ಯಕ್ರಮಗಳ ನಿರೂಪಕ ಕ್ರಿಸ್ ಪ್ಯಾಕಮ್‌ಗೆ 2005ರಲ್ಲಿ, ನಲವತ್ತು ದಾಟಿದ ಮೇಲೆ ಗೊತ್ತಾಯಿತು. 2009ರ ಟಿವಿ ಸ್ಪರ್ಧೆಯಲ್ಲಿ ಹಾಡಿ ಜಗತ್ತಿಗೇ ಪರಿಚಿತರಾದ ಸ್ಕಾಟ್ಲೆಂಡಿನ ಸೂಸನ್ ಬಾಯ್ಲ್ ತಮ್ಮ ಆಸ್ಪರ್ಗರ್ಸ್ ವಿಷಯ ಹೇಳಿದ್ದು 2013ರಲ್ಲಿ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿದೆ ಎಂಬ ಹಣೆಪಟ್ಟಿಯನ್ನು ಬಾಲ್ಯದಿಂದ ಹೊತ್ತು ಬಂದಿದ್ದ ಅವರಿಗೆ ಸರಿಯಾದ ಉತ್ತರ ಸಿಕ್ಕಾಗ ನಿರಾಳವಾಯಿತು. ಆದರೆ ಗಮನಿಸಿ: ಇವರು ಮಾತಾಡುತ್ತಿದ್ದವರು, ಶಾಲೆಗೆ ಹೋದವರು, ಅರ್ಧ ಬದುಕು ಕಳೆದ ಮೇಲೆ ಹೆಸರು ತಿಳಿದುಕೊಂಡವರು. ನಾಲ್ಕೂವರೆಗೂ ಮಾತು ಬಾರದ ಮಗುವಿನ ದಾರಿ ಬೇರೆ. ಇಬ್ಬರಿಗೂ ಒಂದೇ ರೋಗನಿರ್ಣಯ ಇರಬಹುದು, ಬೇಕಾದ ನೆರವು ಒಂದೇ ಅಲ್ಲ. ವೇದಿಕೆ ಹತ್ತಿ ‘ನನಗೆ ಆಟಿಸಂ ಇದೆ’ ಎಂದು ಹೇಳಬಲ್ಲವರು ಮಾತ್ರ ಪಟ್ಟಿಗೆ ಸೇರುತ್ತಾರೆ, ಹೇಳಲಾರದವರು ಸೇರುವುದಿಲ್ಲ.

‘ಇಂಥವರಲ್ಲೆಲ್ಲ ಅದ್ಭುತ ಪ್ರತಿಭೆ ಇರುತ್ತೆ’ ಎಂಬ ನಂಬಿಕೆ ಹಬ್ಬಿದ್ದಕ್ಕೆ 1988ರ ‘ರೇನ್ ಮ್ಯಾನ್’ ಎಂಬ ಹಾಲಿವುಡ್ ಚಿತ್ರದ ಪಾಲು ದೊಡ್ಡದು. ತಮಾಷೆಯೆಂದರೆ ಅದರಲ್ಲಿನ ಆಟಿಸಂ ಇರುವ ಪಾತ್ರಕ್ಕೆ ಸ್ಫೂರ್ತಿಯಾದ ಕಿಮ್ ಪೀಕ್‌ಗೆ ಆಟಿಸಂ ಇರಲಿಲ್ಲ, ಅವರ ಮಿದುಳಿನ ರಚನೆಯಲ್ಲೇ ಹುಟ್ಟಿನಿಂದ ವ್ಯತ್ಯಾಸವಿತ್ತು. ವಿಶೇಷ ಪ್ರತಿಭೆ ಆಟಿಸಂ ಇರುವವರಲ್ಲಿ ಇತರರಿಗಿಂತ ಹೆಚ್ಚು ಕಾಣುವುದು ನಿಜ. ಆದರೂ ಅದು ಸಣ್ಣ ಪಾಲಿನವರಲ್ಲಿ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ. ಅಮೆರಿಕದಲ್ಲಿ ಎಂಟು ವರ್ಷದ ಮಕ್ಕಳ ಮೇಲೆ ನಡೆಯುವ ಸಮೀಕ್ಷೆಗಳಲ್ಲಿ ಆಟಿಸಂ ಇರುವ ಹತ್ತರಲ್ಲಿ ಸುಮಾರು ನಾಲ್ಕು ಮಕ್ಕಳಿಗೆ ಬೌದ್ಧಿಕ ಬೆಳವಣಿಗೆಯ ಕೊರತೆಯೂ ಇರುವುದು ಕಂಡಿದೆ. ಉಳಿದವರಲ್ಲಿ ಬಹುಪಾಲು ನಮ್ಮ ನಿಮ್ಮಂಥ ಸಾಧಾರಣ ಬುದ್ಧಿಯವರೇ. ಪ್ರತಿಭೆ ಕಾಣದಿದ್ದರೆ ನಿಮ್ಮ ಮಗನಲ್ಲಿ ಏನೂ ಕಡಿಮೆಯಾದಂತಲ್ಲ.

ನನ್ನನ್ನು ಕೇಳಿದರೆ, ನೆಂಟರ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಇರಬೇಕಾದ ಹೆಸರು ಡೊನಾಲ್ಡ್ ಟ್ರಿಪ್ಲೆಟ್. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳನ್ನು ವಿವರಿಸಿ ಆಟಿಸಂ ಬಗ್ಗೆ ಪ್ರಬಂಧ ಬರೆದಾಗ ಅದರಲ್ಲಿ ಮೊದಲನೆಯವನು ಇವನೇ. ಹುಟ್ಟಿದ್ದು 1933ರಲ್ಲಿ, ಅಮೆರಿಕದ ಮಿಸಿಸಿಪ್ಪಿಯ ಫಾರೆಸ್ಟ್ ಎಂಬ ಪುಟ್ಟ ಊರಲ್ಲಿ. ಜನರತ್ತ ಗಮನವಿಲ್ಲ, ದುಂಡಗಿನ ವಸ್ತು ಕಂಡರೆ ತಿರುಗಿಸುತ್ತಾ ಕೂರುವುದು. ಹೌದು, ನಿಮ್ಮ ಮಗನ ಹಾಗೆಯೇ. ಆ ಕಾಲದ ಪದ್ಧತಿಯಂತೆ ಮೂರು ವರ್ಷ ತುಂಬಿದ ಮೇಲೆ ಅವನನ್ನು ಒಂದು ಸಂಸ್ಥೆಗೆ ಸೇರಿಸಿದರು. ಸುಮಾರು ವರ್ಷದ ನಂತರ ತಂದೆ ತಾಯಿ, ಅಲ್ಲಿನವರಿಗೆ ಇಷ್ಟವಿಲ್ಲದಿದ್ದರೂ ಮನೆಗೆ ಕರೆತಂದರು. ತಂದೆ ಮಗನ ಬಗ್ಗೆ 33 ಪುಟಗಳ ಪತ್ರ ಬರೆದು ಕ್ಯಾನರ್‌ಗೆ ಕಳಿಸಿದರು. ಆಟಿಸಂ ಕುರಿತ ವೈದ್ಯಕೀಯ ತಿಳಿವಳಿಕೆ ಶುರುವಾದದ್ದೇ ಒಬ್ಬ ತಂದೆಯ ಆ ಪತ್ರದಿಂದ ಎನ್ನಬಹುದು.

ಮುಂದಿನ ಕತೆ ನನಗೆ ಇನ್ನೂ ಇಷ್ಟ. ಕೆಲವು ವರ್ಷ ಡೊನಾಲ್ಡ್ ಒಂದು ರೈತ ದಂಪತಿಯ ಜೊತೆ ಇದ್ದ. ಅವರಿಗೆ ಮನಶ್ಶಾಸ್ತ್ರ ಗೊತ್ತಿರಲಿಲ್ಲ, ಥೆರಪಿಯ ಹೆಸರೂ ಕೇಳಿರಲಿಲ್ಲ. ಹುಡುಗನಿಗೆ ಅಳೆಯುವ ಗೀಳು ಎಂದು ಕಂಡಾಗ ಬಾವಿ ತೋಡುವ ಕೆಲಸಕ್ಕೆ ಹಚ್ಚಿ, ಎಷ್ಟು ಆಳವಾಯಿತೆಂದು ಅವನಿಂದಲೇ ಹೇಳಿಸಿದರು. ಜೋಳದ ಸಾಲು ಎಣಿಸುತ್ತಾನೆಂದರೆ ಉಳುತ್ತಾ ಎಣಿಸು ಎಂದರು. ಸತ್ತ ಹಕ್ಕಿ, ಹುಳುಗಳನ್ನು ಕೂಡಿಡತೊಡಗಿದಾಗ ಅವುಗಳಿಗೊಂದು ಸ್ಮಶಾನದ ಜಾಗ ತೋರಿಸಿ, ಗುರುತಿನ ಫಲಕ ನೆಡಿಸಿದರು. ಗೀಳನ್ನು ಬಿಡಿಸಲು ಹೋಗಲಿಲ್ಲ, ಅದರ ಪಕ್ಕದಲ್ಲಿ ಒಂದು ಕೆಲಸವನ್ನು ಇಟ್ಟರು. ಇವತ್ತು ನಾವು ಥೆರಪಿ ಕೊಠಡಿಯಲ್ಲಿ ಚಾರ್ಟು, ಫೈಲು ಇಟ್ಟುಕೊಂಡು ಮಾಡಲು ನೋಡುವುದೂ ಹೆಚ್ಚುಕಡಿಮೆ ಇದನ್ನೇ.

ಡೊನಾಲ್ಡ್ ಮುಂದೆ ಕಾಲೇಜು ಮುಗಿಸಿದರು, ಬ್ಯಾಂಕಿನಲ್ಲಿ ಕೆಲಸ ಮಾಡಿದರು, 27ನೇ ವಯಸ್ಸಿನಲ್ಲಿ ಕಾರು ಕಲಿತರು, ದಿನಾ ಗಾಲ್ಫ್ ಆಡಿದರು, ಒಬ್ಬರೇ ದೇಶ ವಿದೇಶ ಸುತ್ತಿದರು. 2023ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು. ಮಹಾನ್ ಸಾಧಕರೇನಲ್ಲ. ಊರಿನವರಿಗೆ ಪರಿಚಿತ, ಊರಿನವರು ಕಾಯ್ದುಕೊಂಡ ಮನುಷ್ಯ. ಇದರ ಇನ್ನೊಂದು ಮುಖವನ್ನೂ ಹೇಳಬೇಕು: ಆ ಬ್ಯಾಂಕು ತಾಯಿಯ ಮನೆತನದ್ದೇ. ತಂದೆ ತಾಯಿಯ ನಂತರವೂ ನಡೆಯುವಂತೆ ಹಣದ ವ್ಯವಸ್ಥೆ ಇತ್ತು. ಎಲ್ಲರಿಗೂ ಅಂಥ ಅನುಕೂಲ ಇರುವುದಿಲ್ಲ.

ಟೆಂಪಲ್ ಗ್ರ್ಯಾಂಡಿನ್ ಹೆಸರು ನೀವು ಕೇಳಿರಬಹುದು. 1947ರಲ್ಲಿ ಹುಟ್ಟಿದ ಅವರಿಗೆ ಮೂರೂವರೆ ವರ್ಷದವರೆಗೂ ಮಾತಿರಲಿಲ್ಲ. ಇಂದು ಅವರು ಪ್ರಾಣಿವಿಜ್ಞಾನದ ಪ್ರಾಧ್ಯಾಪಕಿ. ಉತ್ತರ ಅಮೆರಿಕದ ಕಸಾಯಿಖಾನೆಗಳಲ್ಲಿ ಸುಮಾರು ಅರ್ಧದಷ್ಟು ದನಗಳನ್ನು ಅವರು ರೂಪಿಸಿದ ವ್ಯವಸ್ಥೆಗಳಲ್ಲೇ ಸಾಗಿಸುತ್ತಾರೆ. ಜನ ಅವರ ಬುದ್ಧಿಶಕ್ತಿಯನ್ನು ಹೊಗಳುತ್ತಾರೆ. ನಾನು ನೋಡುವುದು ಅವರ ತಾಯಿಯನ್ನು. ಎಳವೆಯಲ್ಲೇ ಸ್ಪೀಚ್ ಥೆರಪಿ ಕೊಡಿಸಿದರು, ಸರದಿಯ ಪ್ರಕಾರ ಆಡುವುದನ್ನು ಕಲಿಸಲು ಮನೆಯಲ್ಲಿ ಆಯಾ ಇಟ್ಟರು, ಹದಿಹರೆಯದಲ್ಲಿ ಚಿಕ್ಕಮ್ಮನ ದನಗಳ ರ‍್ಯಾಂಚ್‌ಗೆ ಕಳಿಸಿದರು. ಶಾಲೆಯಲ್ಲಿ ಒಬ್ಬ ವಿಜ್ಞಾನದ ಮೇಷ್ಟ್ರು ಕೈಹಿಡಿದರು. ಅಲ್ಲೂ ಮನೆಯಲ್ಲಿ ಹಣವಿತ್ತು.

ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ತಾಯಿಯನ್ನು ದೂರುವುದು ಹೊಸದಲ್ಲ, ಒಂದು ಕಾಲಕ್ಕೆ ವೈದ್ಯರೇ ಅದನ್ನು ಮಾಡಿದರು. ತಾಯಿಯ ಪ್ರೀತಿ ತಣ್ಣಗಿದ್ದರೆ ಮಗುವಿಗೆ ಆಟಿಸಂ ಬರುತ್ತದೆ ಎಂಬ ಸಿದ್ಧಾಂತವನ್ನು ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1960ರ ದಶಕದಲ್ಲಿ ಜನಪ್ರಿಯಗೊಳಿಸಿದರು. ಎಷ್ಟೋ ತಾಯಂದಿರು ಆ ಅಪರಾಧ ಹೊತ್ತು ಬಾಳಿದರು. ಅದನ್ನು ತಳಬುಡ ಸಹಿತ ಅಲುಗಿಸಿದವರು ಬರ್ನಾರ್ಡ್ ರಿಮ್ಲಂಡ್. ಅಮೆರಿಕದ ನೌಕಾಪಡೆಯ ಮನಶ್ಶಾಸ್ತ್ರಜ್ಞ, ಆಟಿಸಂ ಇದ್ದ ಮಗನ ತಂದೆ. ಇದು ದೇಹದ, ಮಿದುಳಿನ ವಿಷಯ, ತಾಯಿಯ ತಪ್ಪಲ್ಲ ಎಂದು 1964ರಲ್ಲಿ ಪುಸ್ತಕ ಬರೆದು ವಾದಿಸಿದರು. ವಿಜ್ಞಾನ ಅವರ ಕಡೆಗೇ ವಾಲಿತು. 2019ರಲ್ಲಿ ಐದು ದೇಶಗಳ 20 ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿ ನೋಡಿದ ಅಧ್ಯಯನದಲ್ಲಿ ಅನುವಂಶೀಯತೆಯ ಪಾಲು ಸುಮಾರು ಶೇ 80 ಎಂದು ಕಂಡಿತು. ತಾಯಿಯ ಕಡೆಯಿಂದ ಗರ್ಭದಲ್ಲಿ ಉಂಟಾಗುವ ಪ್ರಭಾವ ತೀರಾ ನಗಣ್ಯ ಎಂದೂ ಕಂಡಿತು. ಹೆಚ್ಚಿನವರಲ್ಲಿ ಒಂದೇ ಜೀನ್‌ನಿಂದಲ್ಲ, ನೂರಾರು ಜೀನ್‌ಗಳ ಸಣ್ಣಪುಟ್ಟ ವ್ಯತ್ಯಾಸಗಳು ಸೇರಿ, ಮಗು ಹುಟ್ಟುವ ಮೊದಲೇ ಮಿದುಳಿನ ಜೋಡಣೆ ಬೇರೆ ರೀತಿ ಆಗಿರುತ್ತದೆ. ನೀವು ಕೆಲಸಕ್ಕೆ ಹೋದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಅತ್ತೆಯವರ ಜೊತೆ ವಾದ ಬೇಡ, ಮುಂದಿನ ಬಾರಿ ಡಾಕ್ಟರ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ. ಸೊಸೆ ಹೇಳಿದರೆ ಕೇಳದ ಮಾತನ್ನು ಹಿರಿಯರು ವೈದ್ಯರ ಬಾಯಿಂದ ಕೇಳುತ್ತಾರೆ, ಇದು ನಾನು ದಿನವೂ ನೋಡುವ ಸಂಗತಿ.

ವಿಚಿತ್ರವೆಂದರೆ ತಾಯಂದಿರನ್ನು ಅಪವಾದದಿಂದ ಬಿಡಿಸಿದ ಅದೇ ರಿಮ್ಲಂಡ್ ಮುಂದೆ ಲಸಿಕೆಯೇ ಕಾರಣ, ವಿಟಮಿನ್ ಮತ್ತು ಪಥ್ಯವೇ ಚಿಕಿತ್ಸೆ ಎನ್ನುವವರ ಜೊತೆ ಸೇರಿದರು. ಮಗುವನ್ನು ಗಾಢವಾಗಿ ಪ್ರೀತಿಸುವ, ಚೆನ್ನಾಗಿ ಓದಿದ ತಂದೆಯೂ ತಪ್ಪು ದಾರಿ ಹಿಡಿಯಬಹುದು. ನೀವು ಹೇಳಿದ ನಟಿ ಜೆನ್ನಿ ಮೆಕಾರ್ಥಿ ಇರಬೇಕು. ಮಗ ಪಥ್ಯದಿಂದ ಚೇತರಿಸಿಕೊಂಡ, ಲಸಿಕೆಯಿಂದ ಹೀಗಾಗಿತ್ತು ಎಂದು ಅವರು ಟಿವಿಯಲ್ಲಿ ಹೇಳಿದ್ದು ಜಗತ್ತಿಗೆಲ್ಲ ಹಬ್ಬಿತು. ಲಸಿಕೆಯ ಅನುಮಾನ ಹುಟ್ಟಿಸಿದ, ಬ್ರಿಟನ್ನಿನ ವೈದ್ಯ ವೇಕ್‌ಫೀಲ್ಡ್‌ರ 1998ರ ಪ್ರಬಂಧ ಕೇವಲ ಹನ್ನೆರಡು ಮಕ್ಕಳ ಮೇಲಿನದು. 2010ರಲ್ಲಿ, ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆಯೇ ಅದನ್ನು ಹಿಂಪಡೆಯಿತು, ಅವರ ವೈದ್ಯಕೀಯ ನೋಂದಣಿಯೂ ರದ್ದಾಯಿತು. ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷ ಮಕ್ಕಳನ್ನು ಗಮನಿಸಿದ 2019ರ ಅಧ್ಯಯನದಲ್ಲಿ ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ.

ಗೋಧಿ, ಹಾಲು ಬಿಡಿಸುವುದರಿಂದ ಆಟಿಸಂ ಲಕ್ಷಣ ಕಡಿಮೆಯಾಗುತ್ತದೆ ಎಂಬುದಕ್ಕೆ ನಿಯಂತ್ರಿತ ಅಧ್ಯಯನಗಳಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ. ಇಂಥ ಮಕ್ಕಳು ಮೊದಲೇ ನಾಲ್ಕೈದು ಬಗೆಯ ತಿನಿಸಿಗೆ ಅಂಟಿಕೊಂಡಿರುತ್ತಾರೆ. ಅದರಲ್ಲಿ ಎರಡನ್ನು ಕಿತ್ತುಕೊಂಡರೆ ಕ್ಯಾಲ್ಸಿಯಂ, ಪ್ರೋಟೀನ್ ಕೊರತೆ ಕಟ್ಟಿಟ್ಟದ್ದು. ಹೊಟ್ಟೆನೋವು, ಭೇದಿ, ಮಲಬದ್ಧತೆ ನಿಜವಾಗಿ ಇದ್ದರೆ ಅದಕ್ಕೆ ಪರೀಕ್ಷೆ ಮಾಡಿಸಿ, ಅದಕ್ಕೇ ಚಿಕಿತ್ಸೆ ಮಾಡಿಸಿ. ಮಗುವಿಗೆ ಹೊಟ್ಟೆ ಹಗುರಾದರೆ ಸಿಟ್ಟು, ನಿದ್ರೆ ಸುಧಾರಿಸುವುದುಂಟು, ಅದನ್ನೇ ಆಟಿಸಂ ಗುಣವಾಯಿತು ಎಂದು ಹೇಳುವವರಿದ್ದಾರೆ. ದೇಹದಿಂದ ಲೋಹ ಹೊರತೆಗೆಯುತ್ತೇವೆ ಎನ್ನುವ ಕೀಲೇಷನ್ ಚಿಕಿತ್ಸೆಯ ಹತ್ತಿರವೂ ಹೋಗಬೇಡಿ. 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಹುಡುಗನೊಬ್ಬ ಅದರಿಂದಲೇ ಪ್ರಾಣ ಕಳೆದುಕೊಂಡ. ಸ್ಟೆಮ್ ಸೆಲ್, ಆಮ್ಲಜನಕದ ಕೊಠಡಿ, ಇವಕ್ಕೆ ದುಡ್ಡು ಸುರಿದು ಬರಿಗೈಯಲ್ಲಿ ಬಂದ ಕುಟುಂಬಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಹೆಸರಾಂತ ಕುಟುಂಬಗಳು ಏನು ಮಾಡಿದವು ಎಂದು ಕೇಳಿದ್ದೀರಿ. ದಕ್ಷಿಣ ಆಫ್ರಿಕಾದ ಗಾಲ್ಫ್ ಆಟಗಾರ ಎರ್ನಿ ಎಲ್ಸ್ ಮಗ ಬೆನ್‌ಗಾಗಿ 2009ರಲ್ಲಿ ಪ್ರತಿಷ್ಠಾನ ಕಟ್ಟಿ, ಫ್ಲಾರಿಡಾದಲ್ಲಿ ಶಾಲೆ ತೆರೆದರು. ಅಮೆರಿಕನ್ ಫುಟ್‌ಬಾಲ್‌ನ ಡ್ಯಾನ್ ಮರೀನೋ 1992ರಲ್ಲೇ ಶುರುಮಾಡಿದ ಪ್ರತಿಷ್ಠಾನ ಈಗ ದೊಡ್ಡವರಾದ ಮಕ್ಕಳಿಗೆ ಉದ್ಯೋಗದ ತರಬೇತಿ ಕೊಡುತ್ತದೆ. ಹಣ, ಹೆಸರು ಇದ್ದವರು ಸಂಸ್ಥೆ ಕಟ್ಟಿದರು ಸರಿ. ನನ್ನ ಮಟ್ಟಿಗೆ ಅವರಿಗಿಂತ ದೊಡ್ಡ ಉದಾಹರಣೆ ಲಾರ್ನಾ ವಿಂಗ್. ಬ್ರಿಟನ್ನಿನ ಮನೋವೈದ್ಯೆ, ಮಗಳು ಸೂಸಿಗೆ ಆಟಿಸಂ. 1962ರಲ್ಲಿ ಇತರ ತಂದೆ ತಾಯಂದಿರೊಂದಿಗೆ ಸೇರಿ ಸಂಘ ಕಟ್ಟಿದರು. ಇದು ಇದೆ ಅಥವಾ ಇಲ್ಲ ಎಂದು ಗೆರೆ ಎಳೆಯುವಂಥದ್ದಲ್ಲ, ಹಲವು ತೀವ್ರತೆಯ ಸ್ಪೆಕ್ಟ್ರಂ ಎಂಬ ಇವತ್ತಿನ ತಿಳಿವಳಿಕೆ ಬೆಳೆದದ್ದು ಬಹುಮಟ್ಟಿಗೆ ಅವರಿಂದ. ದೆಹಲಿಯ ಮೇರಿ ಬರುವಾ ಮಗನಿಗಾಗಿ ಕಲಿಯಲು ಹೊರಟು ಆ್ಯಕ್ಷನ್ ಫಾರ್ ಆಟಿಸಂ ಸಂಸ್ಥೆ ಕಟ್ಟಿದರು. ಇವರೆಲ್ಲ ಬೇರೆ ತಂದೆ ತಾಯಂದಿರನ್ನು ಹುಡುಕಿ ಜೊತೆ ಸೇರಿದವರು. ಪ್ರತಿಷ್ಠಾನ ನಿಮ್ಮಿಂದಾಗದು, ಇಷ್ಟು ಆಗುತ್ತದೆ.

ಈಗ ನಿಮ್ಮ ಮಗ. ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ ಎಂದಿರಿ. ಅದು ಸಣ್ಣ ಸಂಗತಿಯಲ್ಲ, ಅವನಿಗೆ ಹೇಳುವುದಿದೆ, ಹೇಳುವ ಸಾಧನ ಇಲ್ಲ. ಚಿತ್ರದ ಕಾರ್ಡು, ಸನ್ನೆ, ಟ್ಯಾಬ್ಲೆಟ್‌ನಲ್ಲಿ ಒತ್ತಿದರೆ ಮಾತಾಡುವ ಆ್ಯಪ್, ಇವುಗಳಲ್ಲಿ ಯಾವುದು ಹೊಂದುತ್ತದೆಂದು ಸ್ಪೀಚ್ ಥೆರಪಿಸ್ಟ್ ಜೊತೆ ಕೂತು ನೋಡಿ. ಇವುಗಳಿಂದ ಮಾತು ಬರುವುದು ತಡವಾಗುತ್ತದೆ ಎಂಬ ಭಯ ಎಲ್ಲ ಕಡೆ ಇದೆ. ಅಧ್ಯಯನಗಳು ಹೇಳುವುದು ಅದಕ್ಕೆ ತದ್ವಿರುದ್ಧ, ಹಲವರಲ್ಲಿ ಮಾತು ಹೆಚ್ಚಾಗಿದೆ. ನಾಲ್ಕು ದಾಟಿದರೆ ಮಾತು ಬರುವುದಿಲ್ಲ ಎಂಬುದೂ ನಿಜವಲ್ಲ. ನಾಲ್ಕು ವರ್ಷದಲ್ಲಿ ಮಾತು ತೀರಾ ಹಿಂದಿದ್ದ 535 ಮಕ್ಕಳ ಬಗ್ಗೆ 2013ರಲ್ಲಿ ಬಂದ ಅಧ್ಯಯನದಲ್ಲಿ ಎಂಟು ವರ್ಷ ಅಥವಾ ಅದರ ಮೇಲಿನ ವಯಸ್ಸಿಗೆ ಶೇ 70ರಷ್ಟು ಮಕ್ಕಳು ಪದ ಜೋಡಿಸಿ ಮಾತಾಡುತ್ತಿದ್ದರು, ಶೇ 47ರಷ್ಟು ಸರಾಗವಾಗಿ. ಇದರರ್ಥ ಉಳಿದ ಶೇ 30 ಮಕ್ಕಳಿಗೆ ಅಷ್ಟೂ ಬರಲಿಲ್ಲ ಎಂದೂ ಆಗುತ್ತದೆ. ನಿಮ್ಮ ಮಗ ಯಾವ ಗುಂಪಿಗೆ ಸೇರುತ್ತಾನೆಂದು ಇವತ್ತೇ ಹೇಳುವವರನ್ನು ನಂಬಬೇಡಿ. ಯಾವುದೇ ಗುಂಪಾದರೂ ಅವನಿಗೆ ಈಗಲೇ ಹೇಳುವ ದಾರಿಯೊಂದು ಬೇಕು.

ಚಕ್ರ ಬಿಡಿಸಬೇಡಿ, ನೀವೂ ಕೆಳಗೆ ಕೂತು ತಿರುಗಿಸಿ. ನಿಲ್ಲಿಸಿ, ಅವನು ನಿಮ್ಮತ್ತ ನೋಡುವವರೆಗೆ ಒಂದು ಕ್ಷಣ ಕಾದು, ‘ಇನ್ನೂ’ ಎಂದು ಕಾರ್ಡು ತೋರಿಸಿ ಮತ್ತೆ ತಿರುಗಿಸಿ. ಲಂಡನ್ನಿನ ಚಿತ್ರಕಾರ ಸ್ಟೀಫನ್ ವಿಲ್ಟ್‌ಶೈರ್ ಬಾಲ್ಯದಲ್ಲಿ ಮಾತಾಡುತ್ತಿರಲಿಲ್ಲ, ಚಿತ್ರ ಬಿಡಿಸುವುದೊಂದೇ ಪ್ರಾಣ. ಅವರು ಆಡಿದ ಮೊದಲ ಮಾತು ‘ಕಾಗದ’. ಚಿತ್ರದ ಸಾಮಗ್ರಿಯನ್ನು ಶಿಕ್ಷಕರು ಎತ್ತಿಟ್ಟಿದ್ದರಿಂದ ಕೇಳಬೇಕಾಯಿತು. ಹಾಗೆ ಕಸಿದಿಟ್ಟು ಮಾತು ಹೊರಡಿಸುವುದನ್ನು ನಾನು ಸಲಹೆ ಮಾಡುವುದಿಲ್ಲ, ಬಹಳ ಮಕ್ಕಳು ಕಂಗೆಟ್ಟು ತಲೆ ಚಚ್ಚಿಕೊಳ್ಳುತ್ತಾರೆ. ಜಪಾನಿನ ನೊಬೆಲ್ ಪುರಸ್ಕೃತ ಸಾಹಿತಿ ಕೆಂಜಾಬುರೊ ಓಎ ಅವರ ಮಗ ಹಿಕಾರಿಯ ಕತೆ ಇದಕ್ಕಿಂತ ಒಳ್ಳೆಯದು. 1963ರಲ್ಲಿ ಮಿದುಳಿನ ತೀವ್ರ ತೊಂದರೆಯೊಂದಿಗೆ ಹುಟ್ಟಿದ ಆ ಮಗು ಮನುಷ್ಯರ ದನಿಗೆ ಓಗೊಡುತ್ತಿರಲಿಲ್ಲ, ಹಕ್ಕಿಯ ಕೂಗಿಗೆ ಕಿವಿಗೊಡುತ್ತಿತ್ತು. ತಂದೆ ತಾಯಿ ಹಕ್ಕಿಗಳ ಕೂಗು, ಹೆಸರು ಇದ್ದ ಧ್ವನಿಮುದ್ರಿಕೆ ಹಾಕುತ್ತಾ ಬಂದರು. ಆರನೇ ವಯಸ್ಸಿನಲ್ಲಿ ಕಾಡಿನಲ್ಲಿ ಹಕ್ಕಿ ಕೂಗಿದಾಗ ಅವನು ಅದರ ಹೆಸರು ಹೇಳಿದ. ಮುಂದೆ ಅವನು ಸಂಗೀತ ರಚಿಸಿದ್ದನ್ನೇ ಜನ ಹೇಳುತ್ತಾರೆ, ನನಗೆ ಮುಖ್ಯವಾದದ್ದು ಅದಕ್ಕೂ ಮೊದಲಿನ ಆ ವರ್ಷಗಳು.

ಒಂದು ಎಚ್ಚರಿಕೆ. ಮಗುವಿನ ಕೈ ಅಥವಾ ತೋಳು ಹಿಡಿದು ಅಕ್ಷರಗಳನ್ನು ತೋರಿಸುತ್ತಾ ‘ನೋಡಿ, ನಿಮ್ಮ ಮಗ ಕವಿತೆ ಬರೆಯುತ್ತಾನೆ’ ಎನ್ನುವವರು ಸಿಗಬಹುದು. ಪರೀಕ್ಷೆಗಳಲ್ಲಿ ಬರೆಯುತ್ತಿದ್ದದ್ದು ಹಿಡಿದವರ ಮನಸ್ಸೇ ಎಂದು 1990ರ ದಶಕದಲ್ಲೇ ಸಾಬೀತಾಗಿದೆ. ಅವನು ತಾನೇ, ಯಾರ ಕೈಯ ಆಸರೆಯೂ ಇಲ್ಲದೆ ತೋರಿಸಿದ್ದು ಮಾತ್ರ ಅವನ ಮಾತು.

ಅವನ ವಿಡಿಯೋ ಹಾಕಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಾಯ್ಲ್, ಪ್ಯಾಕಮ್ ತಮ್ಮ ವಿಷಯ ತಾವೇ, ಬೇಕೆಂದಾಗ ಹೇಳಿದರು. ನಾಲ್ಕು ವರ್ಷದ ಮಗುವಿಗೆ ಆ ಆಯ್ಕೆ ಇಲ್ಲ. ಶಾಲೆಗೆ, ಮನೆಮಂದಿಗೆ, ಆಟಕ್ಕೆ ಬರುವ ಮಕ್ಕಳ ತಂದೆ ತಾಯಂದಿರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಅವನು ಅತ್ತು ಹೊರಳಾಡುವ ದೃಶ್ಯವನ್ನು ಮಾತ್ರ ಊರಿಗೆಲ್ಲ ತೋರಿಸಬೇಡಿ.

ಎರಡನೇ ಮಗುವಿನ ವಿಷಯ. ಅಣ್ಣ ಅಥವಾ ಅಕ್ಕನಿಗೆ ಆಟಿಸಂ ಇದ್ದರೆ ಮುಂದಿನ ಮಗುವಿಗೂ ಬರುವ ಸಾಧ್ಯತೆ ಸುಮಾರು ಐದರಲ್ಲಿ ಒಂದು. ಗಂಡು ಮಗುವಿಗೆ ಸ್ವಲ್ಪ ಹೆಚ್ಚು, ಹೆಣ್ಣಿಗೆ ಕಡಿಮೆ. ಇದನ್ನು ಓದಿ ಬೇಡ ಎನ್ನುವವರೂ ಇದ್ದಾರೆ, ಆಗಲಿ ಎನ್ನುವವರೂ ಇದ್ದಾರೆ, ಎರಡೂ ನಿಮ್ಮ ಹಕ್ಕು. ನಿರ್ಧರಿಸುವ ಮೊದಲು ಮಗನಿಗೆ ಕ್ರೋಮೋಸೋಮ್ ಮೈಕ್ರೋಅರೇ ಮತ್ತು ಫ್ರಜೈಲ್ ಎಕ್ಸ್ ಎಂಬ ಎರಡು ತಳಿ ಪರೀಕ್ಷೆ ಮಾಡಿಸಿ, ತಳಿವಿಜ್ಞಾನದ ವೈದ್ಯರ ಜೊತೆ ಮಾತಾಡಿ. ಹೆಚ್ಚಿನವರಲ್ಲಿ ಆ ಪರೀಕ್ಷೆಗಳಲ್ಲಿ ಏನೂ ಸಿಗುವುದಿಲ್ಲ, ಸಿಕ್ಕರೆ ಲೆಕ್ಕಾಚಾರ ಬದಲಾಗುತ್ತದೆ.

ಇನ್ನೆರಡು ಕೆಲಸ. ಕಿವಿಯ ಪರೀಕ್ಷೆ ಆಗಿದೆಯೇ ಎಂದು ನೀವು ಬರೆದಿಲ್ಲ, ಆಗಿಲ್ಲದಿದ್ದರೆ ಮಾತಿನ ಚಿಕಿತ್ಸೆಗಿಂತ ಮೊದಲು ಅದಾಗಲಿ. ಮುಂದಿನ ಭೇಟಿಗೆ ಹೋಗುವ ಮೊದಲು ಎರಡು ವಾರ ಅವನು ಎಷ್ಟು ಹೊತ್ತಿಗೆ ಮಲಗಿದ, ಎಷ್ಟು ಬಾರಿ ಎದ್ದ, ಏನು ತಿಂದ, ದಿಟ್ಟಿಸುತ್ತಾ ಸ್ತಬ್ಧನಾಗಿ ನಿಂತದ್ದುಂಟೇ ಎಂದು ಬರೆದಿಡಿ. ಕೊನೆಯದ್ದು ಅಪಸ್ಮಾರದ ಸೂಚನೆಯಿರಬಹುದು, ಇಂಥ ಮಕ್ಕಳಲ್ಲಿ ಅದು ಹೆಚ್ಚು. ಕೀಬೋರ್ಡನ್ನು ಎತ್ತಿಡುವುದು ಬೇಡ, ಅಲ್ಲೇ ಇರಲಿ. ಚೆಸ್ ಕಾಯಿಗಳನ್ನು ಸಾಲಾಗಿ ಇಟ್ಟನಲ್ಲ, ನಿಮ್ಮ ಯಜಮಾನರು ಮುಂದಿನ ಸಲ ಅವನ ಎದುರು ಕೂತು ಆ ಸಾಲಿಗೆ ಒಂದೊಂದೇ ಕಾಯಿ ಸೇರಿಸುತ್ತಾ ಹೋಗಲಿ, ಅವನೊಂದು, ಅಪ್ಪನೊಂದು.